ಮೋಟಾರು ಬೆನ್ನ ಹಿಂದೆ, ನಾಬ್ ಕೈ ಹತ್ತಿರ: ಗಾಳಿ ದೋಣಿಗೆ ನಾವೇ ಕಟ್ಟುವ ಸ್ಪೀಡ್ ಕಂಟ್ರೋಲ್

ಅಮೆರಿಕದ ಆರೆಗಾನ್‌ನಲ್ಲಿ ಹಾಸ್ಮರ್ ಅಂತ ಒಂದು ಕೆರೆ ಇದೆ. ಬೆಂಡ್ ಊರಿನಿಂದ ಕ್ಯಾಸ್ಕೇಡ್ ಬೆಟ್ಟಗಳ ಕಡೆ ಹೋದರೆ ಸಿಗುತ್ತದೆ. ಅಲ್ಲಿ ಫ್ಲೈ ಗಾಳ, ಅಂದರೆ ಹುಳುವಿನ ಹಾಗೆ ಕಾಣುವಂತೆ ಕಟ್ಟಿದ ಗಾಳ, ಬಿಟ್ಟು ಬೇರೆ ಗಾಳ ಹಾಕುವ ಹಾಗಿಲ್ಲ. ಪೆಟ್ರೋಲ್ ಎಂಜಿನ್ ಓಡಿಸುವ ಹಾಗೂ ಇಲ್ಲ. ಬ್ಯಾಟರಿ ಮೋಟಾರಾದರೆ ಅಡ್ಡಿಯಿಲ್ಲ.

ಇಂಥ ಕೆರೆಗಳಿಗೆ ಜನ ಹೊತ್ತು ತರುವುದು ಒಬ್ಬರೇ ಕೂರುವ ಪಾಂಟೂನ್ ದೋಣಿ. ಗಾಳಿ ತುಂಬಿದ ಎರಡು ಉದ್ದನೆಯ ಪಿವಿಸಿ ಕೊಳವೆ, ನಡುವೆ ಲೋಹದ ಚೌಕಟ್ಟು, ಅದರ ಮೇಲೊಂದು ಕುರ್ಚಿ. ಎಂಟೊಂಬತ್ತು ಅಡಿ ಉದ್ದ, ಅಷ್ಟೆ. ಗಾಳಿ ತೆಗೆದು ಚೌಕಟ್ಟು ಬಿಚ್ಚಿದರೆ ಕಾರಿನಲ್ಲೇ ಹಿಡಿಯುತ್ತದೆ. ಕಾಲು ನೀರಿಗೆ ಇಳಿಬಿಟ್ಟು ಕೂತರೆ ಹಂಪಿಯ ಹರಿಗೋಲಿಗಿಂತಲೂ ನೀರು ಹತ್ತಿರ ಅನ್ನಿಸುತ್ತದೆ.

ತೊಂದರೆ ಶುರುವಾಗುವುದು ಮೋಟಾರು ಹಾಕಿದ ಮೇಲೆ. ಅದನ್ನು ಸಿಕ್ಕಿಸುವ ಹಲಗೆ ಇರುವುದು ಕುರ್ಚಿಯ ಹಿಂದೆ. ನಾವು ಕೂರುವುದು ಮುಂದೆ ನೋಡಿಕೊಂಡು. ಸ್ಪೀಡ್ ಬದಲಿಸಬೇಕಾದರೆ ಪ್ರತಿ ಸಲ ಸೊಂಟ ತಿರುಚಿ ಹಿಂದಕ್ಕೆ ಕೈ ಚಾಚಬೇಕು. ಒಂದು ಕೈಯಲ್ಲಿ ಗಾಳದ ಕೋಲು, ಮೈಮೇಲೆ ಲೈಫ್ ಜಾಕೆಟ್, ಕಾಲಿಗೆ ಈಜುವ ಫಿನ್. ಅರ್ಧ ದಿನದಲ್ಲಿ ಭುಜ ಹಿಡಿದುಕೊಳ್ಳುತ್ತದೆ. ಅದಕ್ಕೇ ಕೈಗೆ ಸಿಗುವ ಜಾಗದಲ್ಲಿ ಒಂದು ನಾಬ್ ಇಟ್ಟು, ಅಲ್ಲಿಂದಲೇ ಮೋಟಾರನ್ನು ನಡೆಸುವ ಪೆಟ್ಟಿಗೆಯನ್ನು ಜನ ತಾವೇ ಕಟ್ಟಿಕೊಳ್ಳುತ್ತಾರೆ. ನಾನೂ ಕಟ್ಟಿದೆ. ಎರಡು ಸಲ ಕಟ್ಟಬೇಕಾಯಿತು.

ಸರ್ಕ್ಯೂಟಿನ ನಕ್ಷೆ ಹುಡುಕಿದರೆ ಸಿಗುತ್ತದೆ. ಅದರ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲದೆ ಸುಮ್ನೆ ಬೆಸುಗೆ ಹಾಕಿದರೆ ನೀರಿನ ಮಧ್ಯೆ ಪೇಚಿಗೆ ಸಿಕ್ಕಿಕೊಳ್ಳುತ್ತೇವೆ. ಆದ್ದರಿಂದ ನಕ್ಷೆಗಿಂತ ಒಂದು ಪ್ರಶ್ನೆ ಇಟ್ಟುಕೊಂಡು ಹೋಗೋಣ: ಕರೆಂಟು ಈಗ ಎಲ್ಲಿಗೆ ಹೋಗುತ್ತಿದೆ?

ಹಳೇ ಫ್ಯಾನಿನ ಬಿಸಿ ಡಬ್ಬಿ

ದೋಣಿ ನಿಧಾನಕ್ಕೆ ಸಾಗುತ್ತಿರುವಾಗ ಹಿಂದೆ ಗಾಳ ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಅನ್ನುತ್ತಾರೆ. ಅದಕ್ಕಾಗಿಯೇ ಹುಟ್ಟಿದ ಮೋಟಾರು ಇದು. 1934ರಲ್ಲಿ ನಾರ್ತ್ ಡಕೋಟದ ಫಾರ್ಗೋದಲ್ಲಿ ಓ.ಜಿ. ಶ್ಮಿಟ್ ಎಂಬುವರು ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟಾರಿಗೆ ಪ್ರೊಪೆಲ್ಲರ್ ಜೋಡಿಸಿ ಇದನ್ನು ಮಾಡಿದರು. ಮಿನೆಸೋಟ, ಡಕೋಟ ಎರಡೂ ಹೆಸರು ಸೇರಿಸಿ ಮಿನ್ ಕೋಟ ಅಂತ ಕಂಪನಿ ಶುರುವಾಯಿತು. ಮೂಲ ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಉದ್ದನೆಯ ಕೊಳವೆ, ನೀರೊಳಗಿನ ತುದಿಯಲ್ಲಿ ಕಾರ್ಬನ್ ಬ್ರಶ್ ಇರುವ ಡಿಸಿ ಮೋಟಾರು, ಮೇಲೆ ಹಿಡಿ.

ಪಾಂಟೂನ್ ದೋಣಿಗೆ 30 ಪೌಂಡ್ ತಳ್ಳುವ ಚಿಕ್ಕ ಮೋಟಾರು ಸಾಕು. ಅಂದರೆ ಸುಮಾರು 13.6 ಕೆಜಿ ಬಲ. 12 ವೋಲ್ಟ್ ಬ್ಯಾಟರಿಯಲ್ಲಿ ಪೂರ್ತಿ ಸ್ಪೀಡಿಗೆ ಹಾಕಿದರೆ ಸುಮಾರು 30 ಆಂಪಿಯರ್ ಎಳೆಯುತ್ತದೆ. 12ನ್ನು 30ರಿಂದ ಗುಣಿಸಿ, 360 ವ್ಯಾಟ್.

ಕಡಿಮೆ ಬೆಲೆಯ ಮೋಟಾರಿನಲ್ಲಿ ಮುಂದಕ್ಕೆ ಐದು, ಹಿಂದಕ್ಕೆ ಮೂರು ಸ್ಪೀಡ್ ಇರುತ್ತವೆ. ಐದನೆಯದರಲ್ಲಿ ಬ್ಯಾಟರಿ ನೇರವಾಗಿ ಮೋಟಾರಿಗೆ. ಉಳಿದವುಗಳಲ್ಲಿ ದಾರಿಯ ನಡುವೆ ಕಾಯಿಲ್, ಅಂದರೆ ತಂತಿಯ ಸುರುಳಿ, ಸೇರಿಕೊಂಡು ಕರೆಂಟನ್ನು ತಡೆಯುತ್ತದೆ. ನಮ್ಮ ಮನೆಗಳಲ್ಲಿ ಹಿಂದೆ ಗೋಡೆ ಮೇಲೆ ದಪ್ಪನೆಯ ಫ್ಯಾನ್ ರೆಗ್ಯುಲೇಟರ್ ಡಬ್ಬಿ ಇರುತ್ತಿತ್ತಲ್ವಾ? ಒಂದರಲ್ಲಿಟ್ಟು ಅದರ ಮೇಲೆ ಕೈ ಇಟ್ಟರೆ ಬೆಚ್ಚಗೆ ಇರುತ್ತಿತ್ತು. ಫ್ಯಾನ್ ತಿರುಗಲು ಬೇಡವಾದ ಕರೆಂಟನ್ನು ಅದು ಬಿಸಿಯಾಗಿ ಕಳೆಯುತ್ತಿತ್ತು. ಇಲ್ಲೂ ಅದೇ ಕಥೆ. ಬಿಸಿ ಮಾತ್ರ ನೀರಿಗೆ ಹೋಗುತ್ತದೆ. ಏಕೆಂದರೆ ಕಾಯಿಲ್ ಇರುವುದು ಕೆಳಗೆ, ಮೋಟಾರಿನ ಜೊತೆಗೇ. ಅದು ಸುಟ್ಟುಹೋದರೆ ಮೋಟಾರು ಐದನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ. ಹಳೇ ಮೋಟಾರು ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಎಷ್ಟು ದಂಡವಾಗುತ್ತದೆ? ಲೆಕ್ಕ ನೋಡೋಣ. ನೀರಿನಲ್ಲಿ ಪ್ರೊಪೆಲ್ಲರ್ ತಿರುಗಿಸಲು ಬೇಕಾದ ತಿರುಚುಬಲ ಅದರ ವೇಗದ ವರ್ಗದಂತೆ ಏರುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗ ಸಾಕು. ಡಿಸಿ ಮೋಟಾರಿನಲ್ಲಿ ಬಲಕ್ಕೆ ತಕ್ಕ ಹಾಗೆ ಕರೆಂಟು. ಆದ್ದರಿಂದ 30 ಆಂಪಿಯರ್ ಇದ್ದದ್ದು 7.5ಕ್ಕೆ ಇಳಿಯಿತು. ವೇಗಕ್ಕೆ ತಕ್ಕ ಹಾಗೆ ವೋಲ್ಟು, ಅಂದಾಜು 6. ಈಗ ಮೋಟಾರಿಗೆ ಬೇಕಾದದ್ದು 45 ವ್ಯಾಟ್. ಅರ್ಧ ವೇಗಕ್ಕೆ ಎಂಟನೇ ಒಂದು ಪಾಲು ಶಕ್ತಿ! ನಿಧಾನಕ್ಕೆ ಹೋಗುವವನಿಗೆ ನೀರು ಇಷ್ಟು ದೊಡ್ಡ ಉಡುಗೊರೆ ಕೊಡುತ್ತದೆ.

ಆದರೆ ಕಾಯಿಲ್ ಹಾಕಿ ತಡೆದಾಗ ಬ್ಯಾಟರಿಯಿಂದಲೂ 7.5 ಆಂಪಿಯರೇ ಹೊರಡಬೇಕು, ಅದೂ 12 ವೋಲ್ಟಿನಲ್ಲಿ. ಅದು 90 ವ್ಯಾಟ್. ಮೋಟಾರಿಗೆ 45, ಕೆರೆಯ ನೀರು ಕಾಯಿಸಲು 45. ಮೋಟಾರು ಬಳಸಿದಷ್ಟನ್ನೇ ಮತ್ತೊಮ್ಮೆ ದಂಡವಾಗಿ ಕಟ್ಟಿದಂತೆ.

ಇದಕ್ಕೆ ಇನ್ನೊಂದು ದಾರಿ ಇದೆ. ಕರೆಂಟನ್ನು ತಡೆಯಬೇಡಿ. ಸ್ವಿಚ್ಚನ್ನು ಒಂದು ಸೆಕೆಂಡಿಗೆ ಸಾವಿರಾರು ಸಲ ಹಾಕಿ, ತೆಗೆಯಿರಿ. ಅರ್ಧ ಹೊತ್ತು ಹಾಕಿ ಅರ್ಧ ಹೊತ್ತು ತೆಗೆದರೆ ಮೋಟಾರಿಗೆ ಸರಾಸರಿ 6 ವೋಲ್ಟ್ ಸಿಗುತ್ತದೆ. ಹಾಕಿದ ಸ್ವಿಚ್ಚಿನಲ್ಲಿ ವೋಲ್ಟು ಹೆಚ್ಚುಕಡಿಮೆ ಸೊನ್ನೆ, ತೆಗೆದ ಸ್ವಿಚ್ಚಿನಲ್ಲಿ ಕರೆಂಟು ಸೊನ್ನೆ. ಎರಡರಲ್ಲೂ ಬಿಸಿ ತೀರಾ ಕಡಿಮೆ. ಇದೇ ಪಿಡಬ್ಲ್ಯುಎಂ, ಅಂದರೆ ಪಲ್ಸ್ ವಿಡ್ತ್ ಮಾಡ್ಯುಲೇಶನ್. ದುಬಾರಿ ಟ್ರೋಲಿಂಗ್ ಮೋಟಾರುಗಳಲ್ಲಿ ಇದು ಒಳಗೇ ಇರುತ್ತದೆ. ಅಂಥ ಮೋಟಾರಿಗೆ ಹೊರಗಿನಿಂದ ಇನ್ನೊಂದು ಪಿಡಬ್ಲ್ಯುಎಂ ಪೆಟ್ಟಿಗೆ ಹಾಕಲೇಬೇಡಿ. ಎರಡೂ ಜಗಳವಾಡಿ ಒಂದಾದರೂ ಹಾಳಾಗಬಹುದು.

ಐದು ಸ್ಪೀಡಿನ ಸಾದಾ ಮೋಟಾರಾದರೆ ಕೆಲಸ ಸುಲಭ. ಮೋಟಾರಿನ ತಲೆ ಬಿಚ್ಚುವ ಅಗತ್ಯವೂ ಇಲ್ಲ. ಅದರ ಸ್ವಿಚ್ಚನ್ನು ಐದರಲ್ಲಿ ಬಿಟ್ಟು, ಬ್ಯಾಟರಿಗೂ ಮೋಟಾರಿಗೂ ನಡುವೆ ನಮ್ಮ ಪೆಟ್ಟಿಗೆ ಸೇರಿಸಿದರೆ ಆಯಿತು.

ಉಳಿದ ಮೂರೂವರೆ ಆಂಪಿಯರ್

ಈಗ ಒಂದು ವಿಚಿತ್ರ ನೋಡಿ. ಅರ್ಧ ವೇಗದಲ್ಲಿ ಮೋಟಾರಿನೊಳಗೆ 7.5 ಆಂಪಿಯರ್ ಹರಿಯುತ್ತಿರಬೇಕು. ಇಲ್ಲವಾದರೆ ಬಲ ಬರುವುದಿಲ್ಲ. ಆದರೆ ಪಿಡಬ್ಲ್ಯುಎಂ ಇದ್ದಾಗ ಬ್ಯಾಟರಿ ಕಡೆ ಅಳೆದರೆ 4ರ ಆಸುಪಾಸು ಇರುತ್ತದೆ. ಉಳಿದ ಮೂರೂವರೆ ಎಲ್ಲಿಂದ ಬಂತು?

ತೀರ್ಥಹಳ್ಳಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಸೋದರಮಾವನಿಗೆ ಫೋನಿನಲ್ಲಿ ಇದನ್ನೇ ಕೇಳಿದ್ದೆ.

"ಸ್ವಿಚ್ ತೆಗೆದ ಕೂಡ್ಲೇ ಕರೆಂಟು ನಿಲ್ಲುತ್ತೆ ಅಂದ್ಕೊಂಡಿದೀಯಲ್ಲ, ಅಲ್ಲೇ ತಪ್ಪಿದ್ದು ಮಾರಾಯ. ಆಗುಂಬೆ ಘಾಟಿ ಬಸ್ಸಲ್ಲಿ ನಿಂತ್ಕೊಂಡು ಹೋಗಿದೀಯಲ್ಲ. ಡ್ರೈವರ್ ಬ್ರೇಕ್ ಹಾಕಿದ್ರೆ ಜನ ನಿಲ್ತಾರಾ?"

"ಇಲ್ಲ ಮಾವ, ಮುಂದಕ್ಕೆ ಬೀಳ್ತಾರೆ."

"ಹಿಡ್ಕೊಳ್ಳೋಕೆ ಕಂಬಿ ಕೊಟ್ಯಾ? ಕೊಡ್ಲಿಲ್ಲ ಅಂದ್ರೆ ಗಾಜು ಒಡ್ಕೊಂಡು ಹೋಗ್ತಾರೆ ಅಷ್ಟೆ."

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ. ಸುತ್ತಿದ ತಂತಿಯಲ್ಲಿ ಒಮ್ಮೆ ಕರೆಂಟು ಓಡತೊಡಗಿದರೆ ಅದಕ್ಕೆ ಓಟದ ಚಾಳಿ ಹತ್ತುತ್ತದೆ. ಥಟ್ಟನೆ ನಿಲ್ಲುವುದಿಲ್ಲ. ಸ್ವಿಚ್ಚು ತೆಗೆದರೆ ತಂತಿಯೇ ವೋಲ್ಟೇಜನ್ನು ಮೇಲೆ ಮೇಲೆ ಏರಿಸಿ, ಏನನ್ನಾದರೂ ಭೇದಿಸಿಕೊಂಡು ಹೋಗಲು ನೋಡುತ್ತದೆ. ಅದಕ್ಕೆ ಕೊಡುವ ಕಂಬಿಯೇ ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಮೋಟಾರಿನ ಎರಡು ತುದಿಗೆ ಅಡ್ಡಲಾಗಿ, ಬ್ಯಾಟರಿಯ ದಿಕ್ಕಿಗೆ ತಿರುಗುಮುರುಗಾಗಿ ಇದನ್ನು ಹಾಕುತ್ತೇವೆ. ಸ್ವಿಚ್ಚು ಹಾಕಿದಾಗ ಡಯೋಡ್ ಸುಮ್ಮನಿರುತ್ತದೆ. ತೆಗೆದಾಗ ಮೋಟಾರಿನ ಕರೆಂಟು ಡಯೋಡಿನ ಮೂಲಕ ಸುತ್ತು ಹೊಡೆದು ಮತ್ತೆ ಮೋಟಾರಿಗೇ ಬರುತ್ತದೆ. ಬ್ಯಾಟರಿ ಆ ಹೊತ್ತು ವಿಶ್ರಾಂತಿಯಲ್ಲಿದೆ. ಪ್ರೊಪೆಲ್ಲರ್ ಮಾತ್ರ ತಳ್ಳುತ್ತಲೇ ಇದೆ. ಉಳಿದ ಮೂರೂವರೆ ಆಂಪಿಯರ್ ಇದೇ ಸುತ್ತಿನಿಂದ ಬಂದದ್ದು.

ಬ್ಯಾಟರಿಯ ಲೆಕ್ಕದಲ್ಲಿ ಇದರ ಬೆಲೆ ದೊಡ್ಡದು. 50 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಇದೆ ಅಂದುಕೊಳ್ಳಿ. ಪೂರ್ತಿ ಸ್ಪೀಡಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ. ಕಾಯಿಲ್ ಹಾಕಿ ಅರ್ಧ ವೇಗ ಅಂದರೆ ಆರೂವರೆ ಗಂಟೆ. ಪಿಡಬ್ಲ್ಯುಎಂನಲ್ಲಿ ಅದೇ ಅರ್ಧ ವೇಗ ಹನ್ನೆರಡು ಗಂಟೆ ದಾಟುತ್ತದೆ. ಹಾಗಾಗಿ ಚಿಕ್ಕ ಬ್ಯಾಟರಿ ಸಾಕಾಗುತ್ತದೆ. ಒಬ್ಬರೇ ಹೊತ್ತು ತರುವ ದೋಣಿಯಲ್ಲಿ ಬ್ಯಾಟರಿ ಹತ್ತು ಕೆಜಿ ಕಡಿಮೆಯಾದರೆ ಬೆನ್ನಿಗೆ ಗೊತ್ತಾಗುತ್ತದೆ.

ಮಾವನ ಜೊತೆ ನಾನು ಆ ಮಾತು ಆಡಿದ್ದು ಮೊದಲ ಪೆಟ್ಟಿಗೆ ಕೆಟ್ಟ ಮೇಲೆ. ಅದರಲ್ಲಿ ಡಯೋಡ್ ಇತ್ತು. ಆದರೆ ಚಾರ್ಜರುಗಳಲ್ಲಿ ಇರುತ್ತದಲ್ಲ, ಕಡಲೆಬೀಜಕ್ಕಿಂತ ಚಿಕ್ಕದು, 1 ಆಂಪಿಯರಿನದು. ಮೇಜಿನ ಮೇಲೆ ಬಲ್ಬ್ ಹಾಕಿ ನೋಡಿದಾಗ ಎಲ್ಲ ಸರಿಯಾಗಿತ್ತು. ಬಲ್ಬಿನಲ್ಲಿ ಆ ಓಟದ ಚಾಳಿ ಇಲ್ಲವಲ್ಲ! ಕೆರೆಗೆ ಇಳಿದು ಹತ್ತು ನಿಮಿಷ ಆಗಿತ್ತು. ಜೊಂಡಿನ ನಡುವಿನ ಕಿರಿದಾದ ಕಾಲುವೆಯಲ್ಲಿ ಮೆಲ್ಲಗೆ ಹೋಗುತ್ತಿದ್ದೆ. ಒಮ್ಮೆಲೇ ಮೋಟಾರಿನ ಸದ್ದು ಬದಲಾಯಿತು. ದೋಣಿ ಮುಂದಕ್ಕೆ ಹಾರಿತು. ನಾಬ್ ತಿರುಗಿಸಿ ಸೊನ್ನೆಗೆ ತಂದೆ. ಏನೂ ಆಗಲಿಲ್ಲ. ಪೂರ್ತಿ ಸ್ಪೀಡಿನಲ್ಲಿ ಜೊಂಡಿಗೆ ನುಗ್ಗುತ್ತಿದ್ದಾಗ ಹಿಂದಕ್ಕೆ ತಿರುಗಿ ಬ್ಯಾಟರಿಯ ಕ್ಲಿಪ್ಪನ್ನೇ ಕಿತ್ತೆ. ನೀಲಿ ಕಿಡಿ ಹಾರಿತು. ಎದೆ ಹೊಡೆದುಕೊಳ್ಳುವುದು ನಿಲ್ಲಲು ಹೊತ್ತು ಹಿಡಿಯಿತು.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಸುಟ್ಟ ವಾಸನೆ. ಡಯೋಡ್ ಎರಡು ತುಂಡಾಗಿತ್ತು. ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್‌ನ ಕಪ್ಪು ಮುಖದ ಮೇಲೆ ಕೂದಲೆಳೆಯಷ್ಟು ಬಿರುಕು. ಮಲ್ಟಿಮೀಟರ್ ಇಟ್ಟರೆ ಬೀಪ್ ಅಂದಿತು, ಅಂದರೆ ಒಳಗೆ ಶಾರ್ಟ್. ಮಾಸ್‌ಫೆಟ್ ಹಾಳಾದರೆ ಹೆಚ್ಚಾಗಿ ಹೀಗೇ ಆಗುತ್ತದೆ. ಸ್ವಿಚ್ಚು ಆಫ್ ಆಗುವುದಿಲ್ಲ, ಹಾಕಿದಂತೆಯೇ ಉಳಿಯುತ್ತದೆ. ಮನೆಯ ಬಲ್ಬ್ ಕೆಟ್ಟರೆ ಕತ್ತಲೆ. ಈ ಪೆಟ್ಟಿಗೆ ಕೆಟ್ಟರೆ ಪೂರ್ತಿ ಸ್ಪೀಡ್. ನಾಬ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಕರೆಂಟನ್ನು ಲೋಹದಿಂದಲೇ ಕಡಿಯುವ ಬೇರೆ ಸ್ವಿಚ್ಚು ಕೈಗೆಟಕುವಂತೆ ಇರಲೇಬೇಕು. ಡಿಸಿಗೆ ಅಂತ ಮಾಡಿದ್ದೇ ಆಗಿರಬೇಕು. ಮನೆಯ ಎಸಿ ಲೈನಿನಲ್ಲಿ ಕರೆಂಟು ಸೆಕೆಂಡಿಗೆ ನೂರು ಸಲ ತಾನೇ ಸೊನ್ನೆಗೆ ಬರುವುದರಿಂದ ಕಿಡಿ ಆರುತ್ತದೆ. ಡಿಸಿಯಲ್ಲಿ ಆ ಬಿಡುವು ಇಲ್ಲ. ಈಗ ನನ್ನ ದೋಣಿಯಲ್ಲಿ ಸ್ವಿಚ್ಚಿಗೆ ಒಂದು ದಾರ ಕಟ್ಟಿ ಜಾಕೆಟ್ಟಿಗೆ ಸಿಕ್ಕಿಸಿದ್ದೇನೆ. ನಾನು ನೀರಿಗೆ ಬಿದ್ದರೆ ದೋಣಿ ನನ್ನನ್ನು ಬಿಟ್ಟು ಹೋಗುವುದಿಲ್ಲ.

ಎರಡನೇ ಪೆಟ್ಟಿಗೆ

ಊರಿಗೆ ಬಂದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಮಾನು ಹುಡುಕಿದೆ. ಈ ಸಲ ಡಯೋಡ್ 40 ಆಂಪಿಯರಿನ ಶಾಟ್ಕಿ, ಅಂದರೆ ಕಡಿಮೆ ವೋಲ್ಟು ನುಂಗುವ ಬಗೆಯದು. ಮಾಸ್‌ಫೆಟ್ ಐಆರ್‌ಎಫ್3205, ಎರಡು. ತಯಾರಕರ ವಿವರದ ಹಾಳೆಯಲ್ಲಿ ಅದಕ್ಕೆ 55 ವೋಲ್ಟ್, 110 ಆಂಪಿಯರ್ ಅಂತ ಬರೆದಿರುತ್ತದೆ. ಆ 110 ನೋಡಿ ಒಂದೇ ಸಾಕು ಅನ್ನಿಸಬಹುದು. ಮುಖ್ಯ ಸಂಖ್ಯೆ ಬೇರೆ ಇದೆ. ಪೂರ್ತಿ ಆನ್ ಆದಾಗಲೂ ಅದರಲ್ಲಿ 8 ಮಿಲಿ ಓಮ್ ತಡೆ ಉಳಿಯುತ್ತದೆ. 30 ಆಂಪಿಯರ್ ಹರಿದರೆ 7 ವ್ಯಾಟ್ ಬಿಸಿ, ಒಂದೇ ಉಗುರಿನಷ್ಟು ಜಾಗದಲ್ಲಿ. ಬಿಸಿಯಾದ ಹಾಗೆ ತಡೆ ಇನ್ನೂ ಏರುತ್ತದೆ. ಎರಡನ್ನು ಜೊತೆಯಾಗಿ ಹಾಕಿದರೆ ಒಂದೊಂದಕ್ಕೆ 15 ಆಂಪಿಯರ್, ಬಿಸಿ ತಲಾ 2 ವ್ಯಾಟ್‌ಗಿಂತ ಕಡಿಮೆ. ಕರೆಂಟು ಅರ್ಧವಾದರೆ ಬಿಸಿ ಕಾಲಾಗುತ್ತದೆ ಎಂಬ ನಿಯಮದ ಲಾಭ ಇದು.

ಇನ್ನೊಂದು ಬಿಸಿ, ಸ್ವಿಚ್ಚು ಹಾಕುವಾಗ ಮತ್ತು ತೆಗೆಯುವಾಗ. ಅರ್ಧ ಆನ್ ಆದ ಕ್ಷಣದಲ್ಲಿ ವೋಲ್ಟೂ ಇದೆ, ಕರೆಂಟೂ ಇದೆ. ಆ ಕ್ಷಣವನ್ನು ಬೇಗ ದಾಟಬೇಕು. ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ಹಾಕಿ ತೆಗೆದರೆ ಕಿವಿಗೆ ಸದ್ದೇ ಕೇಳಿಸುವುದಿಲ್ಲ. ಆದರೆ ಅಷ್ಟು ಸಲ ಈ ದಾಟುವಿಕೆ ನಡೆಯುತ್ತದೆ. ಮಾಸ್‌ಫೆಟ್‌ನ ಗೇಟನ್ನು, ಅಂದರೆ ಅದನ್ನು ಹಾಕಿ ತೆಗೆಯುವ ಕಾಲನ್ನು, ಜೋರಾಗಿ ತಳ್ಳುವ ಡ್ರೈವರ್ ಚಿಪ್ ಆಗ ಬೇಕೇ ಬೇಕು. ಹಾಕುವ ತೆಗೆಯುವ ತಾಳ ಕೊಡುವ 555 ಟೈಮರ್ ಚಿಪ್ ಒಂದನ್ನೇ ಇಟ್ಟುಕೊಂಡು ಮಾಡುವವರು ಕೆಲವು ಸಾವಿರಕ್ಕೆ ನಿಲ್ಲುವುದು ಒಳ್ಳೆಯದು. ಸಣ್ಣ ಕೀರಲು ಸದ್ದು ಬರುತ್ತದೆ, ಆದರೆ ಮಾಸ್‌ಫೆಟ್ ತಣ್ಣಗಿರುತ್ತದೆ. ತೀರಾ ಕಡಿಮೆ, ನೂರಿನ್ನೂರಕ್ಕೆ ಇಳಿಸಬೇಡಿ. ಆಗ ಕರೆಂಟು ಪ್ರತಿ ಸುತ್ತಿನಲ್ಲೂ ಬಿದ್ದು ಎದ್ದು, ಮೋಟಾರು ಗುಡುಗುಡು ಅನ್ನುತ್ತಾ ಸುಮ್ನೆ ಬಿಸಿಯಾಗುತ್ತದೆ. ಅಂದಹಾಗೆ ಈ 555ನ್ನು ಹ್ಯಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರೂಪಿಸಿದರು. ಐವತ್ತು ವರ್ಷ ದಾಟಿದರೂ ಇವತ್ತಿಗೂ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ನನಗೆ ಅದರ ಮೇಲೆ ತುಂಬ ಪ್ರೀತಿ.

ಮಾವನ ಬಸ್ಸಿನ ಮಾತು ಬ್ಯಾಟರಿಯ ವೈರಿಗೂ ಅನ್ವಯಿಸುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಪಾಂಟೂನ್‌ನಲ್ಲಿ ಬ್ಯಾಟರಿ ಹಿಂದೆ, ಪೆಟ್ಟಿಗೆ ಪಕ್ಕದಲ್ಲಿ. ನಡುವಿನ ಎರಡು ಮೀಟರ್ ವೈರಿನಲ್ಲೂ ಕರೆಂಟಿಗೆ ಓಟದ ಚಾಳಿ ಇದೆ. ಸ್ವಿಚ್ಚು ತೆಗೆದಾಗ ಅದೂ ಮುಂದಕ್ಕೆ ಬೀಳುತ್ತದೆ. ಮೋಟಾರಿಗೆ ಹಾಕಿದ ಡಯೋಡ್ ಇದನ್ನು ಹಿಡಿಯಲಾರದು. ಹಿಡಿಯುವುದು ಕೆಪಾಸಿಟರ್, ಕರೆಂಟನ್ನು ಕ್ಷಣಕಾಲ ತುಂಬಿಟ್ಟುಕೊಳ್ಳುವ ಬಿಡಿಭಾಗ. 35 ವೋಲ್ಟಿನ, 1000 ಮೈಕ್ರೋಫ್ಯಾರಡ್‌ನ ಎರಡು ಮೂರು ಕೆಪಾಸಿಟರನ್ನು ಮಾಸ್‌ಫೆಟ್ ಮತ್ತು ಡಯೋಡಿಗೆ ಅಂಟಿಕೊಂಡ ಹಾಗೆ ಹಾಕಬೇಕು. ಒಂದು ಗೇಣು ದೂರ ಹಾಕಿದರೆ ಅರ್ಧ ಪ್ರಯೋಜನವೂ ಇಲ್ಲ.

ಫ್ಯೂಸಿನ ವಿಷಯ ಸ್ವಲ್ಪ ಮೋಸದ್ದು. ನಾಬ್ ಕಾಲುಭಾಗದಲ್ಲಿದೆ, ಪ್ರೊಪೆಲ್ಲರಿಗೆ ಜೊಂಡು ಸುತ್ತಿಕೊಂಡು ಮೋಟಾರು ನಿಂತುಬಿಟ್ಟಿತು ಅನ್ನಿ. ಮೋಟಾರಿಗೆ ಸಿಗುತ್ತಿರುವುದು ಸರಾಸರಿ 3 ವೋಲ್ಟ್. ಒಳಗಿನ ತಡೆ ಅಂದಾಜು 0.1 ಓಮ್ ಆದರೆ 30 ಆಂಪಿಯರ್ ಸುತ್ತು ಹೊಡೆಯುತ್ತಿರುತ್ತದೆ. ಆದರೆ ಬ್ಯಾಟರಿಯಿಂದ ಹೊರಡುವುದು ಅದರ ಕಾಲುಭಾಗ, ಏಳೂವರೆ. 50 ಆಂಪಿಯರಿನ ಫ್ಯೂಸಿಗೆ ಏನೂ ಗೊತ್ತಾಗುವುದಿಲ್ಲ. ಡಯೋಡ್ ಸುಮ್ಮನೆ ಸುಡುತ್ತಿರುತ್ತದೆ. ಹಾಗಂತ ಫ್ಯೂಸ್ ಬೇಡ ಅಂತಲ್ಲ. ವೈರು ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತದಂತೆ ಕಾಯುವುದು ಅದೇ. ಬ್ಯಾಟರಿಯ ಪ್ಲಸ್ ಕಂಬದಿಂದ ಒಂದು ಗೇಣಿನೊಳಗೆ ಇರಲಿ. ಆದರೆ ಮೋಟಾರಿನ ಸದ್ದು ನಿಂತರೆ ತಕ್ಷಣ ನಾಬ್ ಸೊನ್ನೆಗೆ ತನ್ನಿ, ಆಮೇಲೆ ಜೊಂಡು ಬಿಡಿಸಿ.

ನಾಬ್ ಅಂದಾಗ ಇನ್ನೊಂದು. ಅದರ ಸಣ್ಣ ವೈರು ಎಲ್ಲಾದರೂ ಕಿತ್ತುಹೋದರೆ ಮೋಟಾರು ಯಾವ ಕಡೆ ಹೋಗುತ್ತದೆ? ಇದನ್ನು ಮನೆಯಲ್ಲೇ ಬಿಚ್ಚಿ ನೋಡಿ. ಪೂರ್ತಿ ಸ್ಪೀಡಿಗೆ ಹೋದರೆ, ಸೊನ್ನೆಯ ಕಡೆ ಎಳೆದು ಹಿಡಿಯುವ ಒಂದು ರೆಸಿಸ್ಟರ್ ಹಾಕಬೇಕು.

ಎಲ್ಲವನ್ನೂ ಕೈಯಿಂದಲೇ ಕಟ್ಟಬೇಕು ಎಂಬ ಹಟ ಬೇಡ. ಸಿದ್ಧ ಪಿಡಬ್ಲ್ಯುಎಂ ಬೋರ್ಡ್ ತಂದು, ಒಳ್ಳೆ ವೈರು, ಫ್ಯೂಸ್, ಕಡಿಯುವ ಸ್ವಿಚ್ಚು ಸೇರಿಸಿದರೂ ಅದು ನಿಮ್ಮ ಕೈಕೆಲಸವೇ. 60 ಆಂಪಿಯರ್ ಅಂತ ಬರೆದ ಅಗ್ಗದ ಬೋರ್ಡನ್ನು 30ಕ್ಕೆ ಮಾತ್ರ ನಂಬಿ. ತಿರುಗಿಸಿ ನೋಡಿ, ತಾಮ್ರದ ಪಟ್ಟಿ ತೆಳ್ಳಗಿದ್ದರೆ 30ನ್ನೂ ನಂಬಬೇಡಿ.

ನೀರು, ಗಾಳಿ, ಬಿಸಿ

ವೈರು 6 ಚದರ ಮಿಲಿಮೀಟರ್‌ಗಿಂತ ಕಡಿಮೆ ಬೇಡ, 10 ಆದರೆ ಇನ್ನೂ ಒಳ್ಳೆಯದು. ಬ್ಯಾಟರಿ ಜೋಡಣೆಗೆ ತಿರುಗುಮುರುಗಾಗಿ ಕೂರದ ಪ್ಲಗ್ ಹಾಕಿ. ಪ್ಲಸ್ ಮೈನಸ್ ಅದಲುಬದಲಾದರೆ ಮಾಸ್‌ಫೆಟ್ ಒಳಗಿನ ಡಯೋಡ್ ಮತ್ತು ನಮ್ಮ ಡಯೋಡ್ ಸೇರಿ ಬ್ಯಾಟರಿಗೆ ನೇರ ಶಾರ್ಟ್ ಆಗುತ್ತದೆ.

ದೋಣಿಯ ಅಲ್ಯೂಮಿನಿಯಂ ಚೌಕಟ್ಟು ಬಿಸಿ ಎಳೆದುಕೊಳ್ಳುವ ಒಳ್ಳೆಯ ಹೀಟ್ ಸಿಂಕ್. ಆದರೆ ಮಾಸ್‌ಫೆಟ್‌ನ ಲೋಹದ ಬೆನ್ನಿನಲ್ಲಿ ಕರೆಂಟು ಇರುತ್ತದೆ. ನಡುವೆ ಅಭ್ರಕದ ಹಾಳೆ ಇಟ್ಟು, ಸ್ಕ್ರೂಗೂ ಪ್ಲಾಸ್ಟಿಕ್ ವಾಷರ್ ಹಾಕಿ, ಮಲ್ಟಿಮೀಟರ್‌ನಿಂದ ಖಚಿತಪಡಿಸಿಕೊಳ್ಳಿ. ಚೌಕಟ್ಟನ್ನು ಯಾವತ್ತೂ ಮೈನಸ್ ವೈರಿನಂತೆ ಬಳಸಬೇಡಿ. ನೀರಿನಲ್ಲಿ ಅದು ಸವೆದುಹೋಗುತ್ತದೆ. ಬಿಸಿಯಾಗುವ ಯಾವುದೂ ಪಿವಿಸಿ ಕೊಳವೆಗೆ ತಾಗಬಾರದು, ಪೆಟ್ಟಿಗೆಯ ಮೂಲೆಯೂ ಉಜ್ಜಬಾರದು. ವೈರು ಒಳಹೋಗುವ ತೂತುಗಳು ಪೆಟ್ಟಿಗೆಯ ಕೆಳಮುಖದಲ್ಲಿರಲಿ, ನೀರು ನುಗ್ಗದಂತೆ ವೈರನ್ನು ಬಿಗಿಯಾಗಿ ಹಿಡಿಯುವ ರಬ್ಬರ್ ಗ್ಲ್ಯಾಂಡ್ ಹಾಕಿ. ವೈರು ಪೆಟ್ಟಿಗೆಗೆ ಬರುವ ಮೊದಲು ಸ್ವಲ್ಪ ಕೆಳಕ್ಕೆ ಜೋತು ಬಂದರೆ ಅದರ ಮೇಲಿನ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕಾಯ್ದೆಯ ಮಾತು ಒಂದೆರಡು. ಆರೆಗಾನ್‌ನಲ್ಲಿ ಗಾಳಿ ದೋಣಿಗೆ ಚಿಕ್ಕ ಬ್ಯಾಟರಿ ಮೋಟಾರು ಹಾಕಿದರೂ ಅದು ಮೋಟಾರು ದೋಣಿ. ನೋಂದಣಿ ಮಾಡಿಸಬೇಕು. ಮೋಟಾರು ಓಡುವಾಗ ಗಾಳ ಹಾಕಬಾರದು ಎಂಬ ನಿಯಮ ಇರುವ ಕೆರೆಗಳೂ ಇವೆ. ಇಳಿಯುವ ಮೊದಲು ಆ ಕೆರೆಯ ನಿಯಮ ಓದಿಕೊಳ್ಳಿ.

ಪರೀಕ್ಷೆ ಹಂತ ಹಂತವಾಗಿ ಮಾಡಿ. ಮೊದಲು ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್. ನಾಬ್ ತಿರುಗಿಸಿದರೆ ಬೆಳಕು ನುಣುಪಾಗಿ ಏರಬೇಕು. ಅಲ್ಲಿಗೇ ನಿಲ್ಲಿಸಬೇಡಿ, ನನ್ನ ಮೊದಲ ಪೆಟ್ಟಿಗೆ ಪಾಸಾಗಿದ್ದೂ ಅದರಲ್ಲೇ. ಆಮೇಲೆ ದೊಡ್ಡ ಡ್ರಮ್ಮಿಗೆ ನೀರು ತುಂಬಿ ಮೋಟಾರನ್ನು ಇಳಿಸಿ ಕಟ್ಟಿ. ಅರ್ಧ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಪೂರ್ತಿ ವೇಗಕ್ಕಿಂತ ಅರ್ಧ ವೇಗವೇ ಡಯೋಡಿಗೆ ಕಷ್ಟದ ಪರೀಕ್ಷೆ, ಏಕೆಂದರೆ ಪೂರ್ತಿಯಲ್ಲಿ ಅದಕ್ಕೆ ಕೆಲಸವೇ ಇರುವುದಿಲ್ಲ. ಪ್ಲಗ್ ಕಿತ್ತು, ಡಯೋಡ್ ಮತ್ತು ಮಾಸ್‌ಫೆಟ್‌ನ ಹೀಟ್ ಸಿಂಕ್ ಮುಟ್ಟಿ ನೋಡಿ. ಐದು ಎಣಿಸುವಷ್ಟು ಹೊತ್ತು ಬೆರಳು ಇಡಲು ಆಗಬೇಕು.

ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಬ್ಯಾಟರಿ ವೈರಿಗೆ ಒಮ್ಮೆ, ಮೋಟಾರು ವೈರಿಗೆ ಒಮ್ಮೆ ಹಾಕಿ. ನನ್ನ ಎರಡನೇ ಪೆಟ್ಟಿಗೆಯಲ್ಲಿ ಬ್ಯಾಟರಿ ಕಡೆ 4.1 ತೋರಿಸಿತು. ಮೋಟಾರಿನ ಕಡೆ 7.8. ಅದನ್ನು ಫೋಟೋ ತೆಗೆದು ಮಾವನಿಗೆ ಕಳಿಸಿದೆ. "ಕಂಬಿ ಹಿಡ್ಕೊಂಡಿದಾರೆ, ಈಗ ಬಸ್ ಬಿಡು" ಅಂತ ಉತ್ತರ ಬಂತು.